ಯಾಕೆ ನಿಲ್ತು? (ಮಾವನ ಸ್ಟಾರ್ಮ್, 9 ಭಾಗ)

1/9

ನಿಮ್ಮನೇಲೂ ಇಂಥ ಒಂದು ಗಾಡಿ ಇದೆಯಾ? ಓಡ್ತಾ ಓಡ್ತಾ ಇದ್ದಕ್ಕಿದ್ದ ಹಾಗೆ ಆಫ್ ಆಗುತ್ತೆ. ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್ ಆಗುತ್ತೆ. ಮೆಕ್ಯಾನಿಕ್ ಹತ್ರ ತಗೊಂಡು ಹೋದಾಗ ಮಾತ್ರ ಒಂದು ಸಲನೂ ನಿಲ್ಲಲ್ಲ. ಇದ್ರೆ ಈ ಒಂಬತ್ತು ಪೋಸ್ಟ್ ನಿಮಗೇ ಬರೆದಿದ್ದು.

ಫೋಟೋದಲ್ಲಿ ಕೆಂಪಗೆ ನಿಂತಿರೋದು ನನ್ನ ಸೋದರಮಾವನ ಸ್ಯಾನ್ ಸ್ಟಾರ್ಮ್. ಹೆಸರು ಕೇಳಿಲ್ಲ ಅಂದ್ರೆ ತಪ್ಪೇನಿಲ್ಲ, ರಸ್ತೇಲಿ ನೋಡಿದವರೂ ಕಮ್ಮಿ. ಗೋವಾದಲ್ಲಿ ತಯಾರಾಗ್ತಿದ್ದ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಮೇಲಿನ ಟಾಪ್ ತೆಗೆದು ಓಡಿಸಬಹುದು. ನೋಡೋಕೆ ಎಷ್ಟೇ ಜೋರಾಗಿದ್ರೂ ಒಳಗಿರೋದು ರೆನೋ ಕಂಪನಿಯ ಸಣ್ಣ ಕಾರುಗಳಲ್ಲಿ ಬರ್ತಿದ್ದ 1149 ಸಿಸಿ ಎಂಜಿನ್, 60 ಬಿಎಚ್‌ಪಿ. ಇವತ್ತಿನ ಸಾಮಾನ್ಯ ಹ್ಯಾಚ್‌ಬ್ಯಾಕ್‌ಗಳೇ ಇದನ್ನ ಹಿಂದೆ ಹಾಕ್ತವೆ. ಆದ್ರೂ ಶಿವಮೊಗ್ಗದ ಯಾವ ಸಿಗ್ನಲ್‌ನಲ್ಲಿ ನಿಂತ್ರೂ ಪಕ್ಕದ ಸ್ಕೂಟಿಯವರು ಒಂದು ಫೋಟೋ ತೆಗೆದೇ ತೆಗೀತಾರೆ.

ಕಾರಿಗೆ 20 ವರ್ಷ. ನನಗೂ 20. ನಾನು ಓದ್ತಿರೋದು ಬಿಕಾಂ, ಎಂಜಿನಿಯರಿಂಗ್ ಅಲ್ಲ. ಈ ಕಾರಿನ ವಿಷಯದಲ್ಲಿ ನನ್ನ ಕೆಲಸ ಇದ್ದಿದ್ದು ಪಕ್ಕದ ಸೀಟಲ್ಲಿ ಕೂತು ನೋಟ್‌ಬುಕ್ಕಲ್ಲಿ ಬರೆಯೋದು. ಆ ನೋಟ್‌ಬುಕ್ ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳ್ತೀನಿ.

ಇನ್ನೊಂದು ವಿಷಯ ಈಗಲೇ ಕಿವಿಗೆ ಹಾಕ್ಕೊಳ್ಳಿ: ಈ ಕಾರಿನ ಬಾಡಿ ಕಬ್ಬಿಣದ್ದಲ್ಲ, ಫೈಬರ್‌ಗ್ಲಾಸ್. ಏಳನೇ ಭಾಗದಲ್ಲಿ ಬೇಕಾಗುತ್ತೆ.

2/9

ಈ ಫೋಟೋ ಆಗುಂಬೆ ಘಾಟಿಯದ್ದು. ನಾನು ತೆಗೆದಿದ್ದಲ್ಲ, ಅತ್ತೆ ತೆಗೆದಿದ್ದು. ಮಸುಕಾಗಿದೆ, ಯಾಕಂದ್ರೆ ಅವತ್ತು ಅವರ ಕೈ ನಡುಗ್ತಿತ್ತಂತೆ.

ಮಾವ ಅತ್ತೆ ಉಡುಪಿಯಿಂದ ವಾಪಸ್ ಬರ್ತಿದ್ರು. ಸೋಮೇಶ್ವರ ದಾಟಿ ಘಾಟಿ ಹತ್ತೋಕೆ ಶುರು ಮಾಡಿದಾಗ ಕತ್ತಲಾಗಿತ್ತು, ಮಳೆ ಬೇರೆ. 14 ತಿರುವಿನ ಘಾಟಿ ಅದು, ನಿಮಗೆ ಗೊತ್ತೇ ಇದೆ. ಒಂದು ತಿರುವಲ್ಲಿ ಮೇಲಿಂದ ಬಸ್ ಇಳೀತಿತ್ತು ಅಂತ ಮಾವ ಸೈಡಿಗೆ ನಿಲ್ಲಿಸಿದ್ರು. ಬಸ್ ಹೋಯ್ತು. ಇವರ ಕಾರು ಆಫ್ ಆಯ್ತು. ಸ್ಟಾರ್ಟ್ ಆಗ್ಲಿಲ್ಲ. ಹಿಂದೆ ಒಂದು ವ್ಯಾನ್, ಅದರ ಹಿಂದೆ ಇನ್ನೊಂದು, ಹಾರ್ನ್ ಮೇಲೆ ಹಾರ್ನ್. ಅತ್ತೆ ಮಳೇಲಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಫೋನ್ ಟಾರ್ಚ್ ಹಿಡಿದು, ಬರೋ ಗಾಡಿಗಳಿಗೆಲ್ಲ ಕೈ ಬೀಸ್ತಾ ಇಪ್ಪತ್ತು ನಿಮಿಷ ನಿಂತಿದ್ರು.

ಇದು ತಮಾಷೆಯ ವಿಷಯ ಅಲ್ಲ. ಎಂಜಿನ್ ಆಫ್ ಆದ್ರೆ ಹೆಚ್ಚಿನ ಕಾರುಗಳಲ್ಲಿ ಬ್ರೇಕಿಗೆ ಸಿಗೋ ಸಹಾಯವೂ ಹೋಗುತ್ತೆ. ಒಂದೆರಡು ಸಲ ಒತ್ತೋವರೆಗೆ ಸರಿ ಇರುತ್ತೆ, ಆಮೇಲೆ ಪೆಡಲ್ ಕಲ್ಲಿನ ಥರ ಗಟ್ಟಿ. ಪೂರ್ತಿ ಬಲ ಹಾಕಿ ತುಳೀಬೇಕು. ಇಳಿಜಾರಲ್ಲಿ ಆಫ್ ಆದ್ರೆ ಬ್ರೇಕನ್ನ ಪದೇ ಪದೇ ಪಂಪ್ ಮಾಡಬೇಡಿ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೀರಿ, ನಾಲ್ಕೂ ಇಂಡಿಕೇಟರ್ ಹಾಕಿ.

ಮನೆಗೆ ಬಂದ ಮೇಲೆ ಅತ್ತೆ ಜಗಳ ಆಡಲಿಲ್ಲ. ಒಂದೇ ಮಾತು ಹೇಳಿದ್ರು. "ರೀ, ರಿಪೇರಿ ಆಯ್ತು ಅಂತ ನಾಲ್ಕು ಸಲ ಹೇಳಿದ್ರಿ. ಯಾಕೆ ನಿಲ್ತಿತ್ತು ಅಂತ ಒಂದು ಸಲನೂ ಹೇಳಿಲ್ಲ. ಅದು ಗೊತ್ತಾಗೋ ತನಕ ಈ ಗಾಡೀಲಿ ನಾನೂ ಕೂರಲ್ಲ, ಮಕ್ಕಳನ್ನೂ ಕೂರಿಸಲ್ಲ. ಆರ್‌ಸಿ ರಿನ್ಯೂವಲ್‌ಗೆ ದುಡ್ಡು ಕಟ್ಟೋ ಮುಂಚೆ ಯೋಚನೆ ಮಾಡಿ."

ನಮ್ಮಲ್ಲಿ ಕಾರಿನ ನೋಂದಣಿ ಮೊದಲ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಮಾವನ ಕಾರಿಗೆ ಎರಡನೇ ಸಲದ್ದು ಬಾಕಿ ಇತ್ತು. ಉಳಿದಿದ್ದು ಎರಡು ತಿಂಗಳು. ಗುಜರಿಯವರು ಒಬ್ಬರು ಆಗಲೇ ಬಂದು ರೇಟ್ ಹೇಳಿ ಹೋಗಿದ್ರು.

3/9

ಈ ಫೋಟೋದಲ್ಲಿರೋದು ಬಿಲ್ಲುಗಳು. ಮಾವನದು ಒಂದು ಒಳ್ಳೇ ಅಭ್ಯಾಸ: ಕಾರಿನ ಒಂದೊಂದು ಬಿಲ್ಲನ್ನೂ ಹಳೇ ಬಿಸ್ಕತ್ ಡಬ್ಬೀಲಿ ಹಾಕಿಡ್ತಾರೆ. ನಾನು ಅದನ್ನೆಲ್ಲ ನೆಲದ ಮೇಲೆ ಹರಡಿ ತಾರೀಖಿನ ಪ್ರಕಾರ ಜೋಡಿಸಿದೆ. ಆಡಿಟಿಂಗಲ್ಲಿ ವೌಚಿಂಗ್ ಅಂತ ಓದ್ತೀವಲ್ಲ, ಹೆಚ್ಚು ಕಮ್ಮಿ ಅದೇ.

ಕಾರು ನಿಲ್ಲೋಕೆ ಶುರು ಆದ ಮೇಲೆ ಮಾಡಿಸಿದ್ದು:

ಪೆಟ್ರೋಲ್ ಪಂಪ್ ಹೊಸದು: 6,800
ಇಗ್ನಿಷನ್ ಕಾಯಿಲ್ ಹೊಸದು: 5,200
ಪ್ಲಗ್ಗು, ಪ್ಲಗ್ ವೈರು: 2,400
ಥ್ರಾಟಲ್ ಕ್ಲೀನಿಂಗ್ ಮತ್ತು ಒಂದು ಸೆನ್ಸರ್: 3,000

ಒಟ್ಟು 17,400 ರೂಪಾಯಿ. ನಾಲ್ಕು ಸಲ, ನಾಲ್ಕು ಬೇರೆ ಬೇರೆ ಕಡೆ. ಪ್ರತಿ ಸಲನೂ ಎರಡು ಮೂರು ವಾರ ಚೆನ್ನಾಗಿ ಓಡಿ ಮತ್ತೆ ನಿಂತಿದೆ.

ಆ ಮೆಕ್ಯಾನಿಕ್‌ಗಳು ಮೋಸ ಮಾಡಿದ್ರು ಅಂತ ನನಗೆ ಅನ್ಸಲ್ಲ. ಅವರ ಮುಂದೆ ಕಾರು ಒಂದು ಸಲನೂ ನಿಂತಿಲ್ಲ. ನಿಲ್ಲದೇ ಇರೋ ಕಾರಲ್ಲಿ ನಿಲ್ಲೋ ಕಾರಣ ಹುಡುಕೋದು ಹೇಗೆ? ಹಾಗಾಗಿ ಎಲ್ಲರೂ ಅನುಭವದ ಮೇಲೆ ಒಂದೊಂದು ಪಾರ್ಟ್ ಬದಲಾಯಿಸಿದ್ರು. ಹಳೇ ಕಾರಲ್ಲಿ ಯಾವ ಪಾರ್ಟ್ ಹೊಸದು ಹಾಕಿದ್ರೂ ಒಂದಿಷ್ಟು ಚೆನ್ನಾಗೇ ಓಡುತ್ತೆ, ನಾವು ಸರಿಯಾಯ್ತು ಅಂದ್ಕೋತೀವಿ.

ನನ್ನ ಕ್ಲಾಸಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸದ ಮೊತ್ತವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ಎರಡೂ ಕಡೆ ಮೊತ್ತ ಸಮ ಆಗುತ್ತೆ, ನೋಡೋಕೆ ಚೆಂದ. ಆದ್ರೆ ತಪ್ಪು ಎಲ್ಲಿದೆಯೋ ಅಲ್ಲೇ ಇರುತ್ತೆ. ಮಾವ ಹಾಕಿದ ಹೊಸ ಪಂಪು, ಹೊಸ ಕಾಯಿಲ್ಲು ಎಲ್ಲ ಸಸ್ಪೆನ್ಸ್ ಅಕೌಂಟಲ್ಲಿ ಹೋದ ದುಡ್ಡು. ಅತ್ತೆ ಬಿಕಾಂ ಓದಿಲ್ಲ, ಆದ್ರೆ ಅವರು ಕೇಳಿದ್ದು ಅದನ್ನೇ.

4/9

ಹಾಗಾದ್ರೆ ಹುಡುಕೋದು ಎಲ್ಲಿಂದ? ಮೊದಲನೇ ಪ್ರಶ್ನೆ, ಅದು ನಿಂತಿದ್ದು ಹೇಗೆ.

ಪೆಟ್ರೋಲ್ ಎಂಜಿನ್ ಓಡೋಕೆ ಗಾಳಿ, ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ ಮೂರೂ ಬೇಕು. ಯಾವುದು ಕೈಕೊಟ್ಟಿದೆ ಅನ್ನೋದರ ಮೇಲೆ ನಿಲ್ಲೋ ರೀತಿನೂ ಬೇರೆ ಆಗುತ್ತೆ.

ಪೆಟ್ರೋಲ್ ಕಮ್ಮಿ ಆದ್ರೆ ಎಂಜಿನ್ ಒಂದೇ ಸಲಕ್ಕೆ ನಿಲ್ಲೋದು ಅಪರೂಪ. ಎಳೆಯಲ್ಲ, ಜರ್ಕ್ ಹೊಡೆಯುತ್ತೆ, ಕೆಮ್ಮುತ್ತೆ, ಆಮೇಲೆ ನಿಲ್ಲುತ್ತೆ. ಗಾಳಿಯ ತೊಂದರೆ ಇದ್ರೆ, ಅಂದ್ರೆ ಥ್ರಾಟಲ್‌ನಲ್ಲಿ ಮಸಿ ಕಟ್ಟಿದ್ರೆ ಅಥವಾ ಎಲ್ಲೋ ಪೈಪ್ ಸೀಳಿದ್ರೆ, ಸ್ಲೋ ಸ್ಪೀಡಲ್ಲಿ ಮೇಲೆ ಕೆಳಗೆ ಆಗ್ತಾ ಆಗ್ತಾ ನಿಲ್ಲುತ್ತೆ. ಕರೆಂಟಿನ ತೊಂದರೆ ಇದ್ರೆ ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ, ಟಪ್ ಅಂತ.

ಗೇರಲ್ಲಿ ಹೋಗ್ತಿರುವಾಗ ಆಫ್ ಆದ್ರೆ ಆರ್‌ಪಿಎಂ ಮುಳ್ಳಿನ ಕಡೆ ಒಂದು ಕಣ್ಣಿಡಿ. ಗಾಡಿ ಇನ್ನೂ ಉರುಳ್ತಾ ಇದೆ, ಚಕ್ರಗಳು ಎಂಜಿನ್ನನ್ನ ತಿರುಗಿಸ್ತಾ ಇವೆ, ಆದ್ರೂ ಮುಳ್ಳು ತಕ್ಷಣ ಸೊನ್ನೆಗೆ ಬಿತ್ತು ಅಂದ್ರೆ ಎಂಜಿನ್ ತಿರುಗೋ ಸುದ್ದಿಯೇ ಕಂಪ್ಯೂಟರಿಗೆ ತಲುಪ್ತಿಲ್ಲ, ಅಥವಾ ಆ ಕಂಪ್ಯೂಟರಿಗೇ ಕರೆಂಟ್ ಇಲ್ಲ. ಮುಳ್ಳು ಗಾಡಿಯ ವೇಗದ ಜೊತೆ ನಿಧಾನಕ್ಕೆ ಇಳೀತು ಅಂದ್ರೆ ಮೊದಲು ಪೆಟ್ರೋಲ್ ಕಡೆ ನೋಡಿ.

ಮಾವನ ಕಾರು ಪ್ರತಿ ಸಲನೂ ಟಪ್. ಮುಳ್ಳು ಸೀದಾ ಸೊನ್ನೆ. ಡ್ಯಾಶ್‌ಬೋರ್ಡಿನ ಕೆಂಪು ದೀಪಗಳು ಮಾತ್ರ ಉರೀತಾ ಇರ್ತಿದ್ವು, ಅಂದ್ರೆ ಕೀ ಸ್ವಿಚ್ಚು ಸರಿ ಇದೆ, ಬ್ಯಾಟರಿ ಸತ್ತಿಲ್ಲ.

ಇಷ್ಟು ಗಮನಿಸಿದ್ರೂ ಪಟ್ಟಿ ಅರ್ಧಕ್ಕೆ ಇಳೀತು. ಇದಕ್ಕೆ ಆದ ಖರ್ಚು ಸೊನ್ನೆ.

5/9

ಈಗ ಎರಡನೇ ಪ್ರಶ್ನೆ. ಬಿಸಿಯಾದ ಮೇಲೆ ನಿಲ್ಲುತ್ತೆ, ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತೆ. ಯಾಕೆ?

ನಿಮ್ಮ ಅಜ್ಜ ಅಂಬಾಸಿಡರ್ ಅಥವಾ ಫಿಯೆಟ್ ಓಡಿಸಿದ್ರೆ ಅವರನ್ನ ಕೇಳಿ. ಬೇಸಿಗೇಲಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕ್ತಿದ್ದ ಕಥೆ ಹೇಳ್ತಾರೆ. ಎಂಜಿನ್ ಬಿಸಿಗೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ ಪಂಪ್ ಬರೀ ಆವಿಯನ್ನೇ ಎಳೆಯೋದು ಆ ಕಾಲದ ಕಾಯಿಲೆ. ಸ್ಟಾರ್ಮ್‌ದು ಇಂಜೆಕ್ಷನ್ ಎಂಜಿನ್. ಪಂಪ್ ಟ್ಯಾಂಕಿನೊಳಗೇ ಇದೆ, ಪೈಪಲ್ಲಿ ಒತ್ತಡ ಜಾಸ್ತಿ, ಹಾಗಾಗಿ ಆ ಸಮಸ್ಯೆ ತೀರಾ ಕಮ್ಮಿ.

ಇಂಜೆಕ್ಷನ್ ಕಾರುಗಳಲ್ಲಿ ಬಿಸಿಗೆ ಕೈಕೊಡೋದು ಸಾಮಾನ್ಯವಾಗಿ ಎರಡು. ಒಂದು ರಿಲೇ. ಕಪ್ಪು ಡಬ್ಬಿಯೊಳಗೆ ಬೆಸುಗೆ ಬಿರುಕು ಬಿಟ್ಟಿದ್ರೆ ಬಿಸಿಯಾದಾಗ ಅಲ್ಲಿ ಸಂಪರ್ಕ ತಪ್ಪುತ್ತೆ, ತಣ್ಣಗಾದಾಗ ಮತ್ತೆ ಕೂಡುತ್ತೆ. 1980ರ ದಶಕದ ಪೋರ್ಶೆ 944 ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರಲ್ಲಿ ಎಂಜಿನ್ ಕಂಪ್ಯೂಟರ್ ಮತ್ತು ಪೆಟ್ರೋಲ್ ಪಂಪ್ ಎರಡಕ್ಕೂ ಕರೆಂಟ್ ಕೊಡೋದು ಒಂದೇ ರಿಲೇ. ಆ ಕಾರು ಇಟ್ಕೊಂಡವರು ಒಂದು ಸ್ಪೇರ್ ರಿಲೇನ ಡ್ಯಾಶ್‌ಬೋರ್ಡ್ ಡಬ್ಬೀಲೇ ಇಟ್ಕೊಂಡು ತಿರುಗ್ತಾರೆ. ಎಷ್ಟೇ ದುಬಾರಿ ಕಾರಾದ್ರೂ ನಿಲ್ಲಿಸೋಕೆ ಒಂದು ಕೂದಲೆಳೆ ಬಿರುಕು ಸಾಕು.

ಎರಡನೇದು ಕ್ರ್ಯಾಂಕ್ ಸೆನ್ಸರ್. ಎಂಜಿನ್ ಯಾವ ಕ್ಷಣದಲ್ಲಿ ಎಲ್ಲಿದೆ ಅಂತ ಕಂಪ್ಯೂಟರಿಗೆ ಹೇಳೋದು ಇದೇ. ಇದರ ಸುದ್ದಿ ಬರದಿದ್ರೆ ಕಂಪ್ಯೂಟರ್ ಕಿಡಿನೂ ಕೊಡಲ್ಲ, ಪೆಟ್ರೋಲೂ ಕೊಡಲ್ಲ.

ಎರಡನ್ನೂ ಪರೀಕ್ಷೆ ಮಾಡೋದು ಸುಲಭ. ಓಡ್ತಿರೋ ಎಂಜಿನ್ನಿನ ರಿಲೇಗಳನ್ನ ಒಂದೊಂದಾಗಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಸೆನ್ಸರಿಗೆ ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಹಿಡಿದು ನೋಡಿ. ಅತ್ತೆಯ ಹೇರ್ ಡ್ರೈಯರ್ ಅವತ್ತು ಮೊದಲ ಸಲ ಶೆಡ್ಡಿಗೆ ಬಂತು. ರಿಲೇ ತಟ್ಟಿದ್ವಿ, ಸೆನ್ಸರ್ ಬಿಸಿ ಮಾಡಿದ್ವಿ, ವೈರುಗಳನ್ನ ಅಲ್ಲಾಡಿಸಿದ್ವಿ. ಎಂಜಿನ್ ಆರಾಮಾಗಿ ಓಡ್ತಾನೇ ಇತ್ತು.

ಫೋನಿಗೆ ಕನೆಕ್ಟ್ ಆಗೋ ಸ್ಕ್ಯಾನರ್ ಹಾಕಬಹುದಲ್ಲ ಅಂತೀರಾ? ಓಬಿಡಿ ಅನ್ನೋದು ನಮ್ಮ ದೇಶದ ಕಾರುಗಳಿಗೆ ಕಡ್ಡಾಯ ಆಗಿದ್ದು 2010ರ ಮೇಲೆ. ಇದು ಅದಕ್ಕಿಂತ ಹಳೇದು. ಸ್ಕ್ಯಾನರ್ ಕೇಳಿದ್ದಕ್ಕೆ ಕಾರು ಉತ್ತರನೇ ಕೊಡಲಿಲ್ಲ.

6/9

ಈ ಫೋಟೋ ನನ್ನ ನೋಟ್‌ಬುಕ್. ಅಕ್ಷರ ಕೆಟ್ಟದಾಗಿದೆ, ಓಡೋ ಕಾರಲ್ಲಿ ಬರೆದಿದ್ದು.

ಕಾಲಂಗಳು ಹೀಗಿವೆ: ತಾರೀಖು. ಎಷ್ಟು ನಿಮಿಷ ಓಡಿದ ಮೇಲೆ. ನಿಂತಲ್ಲೋ, ಓಡುವಾಗಲೋ. ಹೆಡ್‌ಲೈಟ್. ವೈಪರ್. ರೇಡಿಯೇಟರ್ ಫ್ಯಾನ್. ಪೆಟ್ರೋಲ್ ಎಷ್ಟಿತ್ತು. ಹೇಗೆ ನಿಂತಿತು. ಎಷ್ಟು ಹೊತ್ತಿಗೆ ಸ್ಟಾರ್ಟ್ ಆಯ್ತು.

ಘಾಟಿ ಕಡೆ ಹೋಗಲೇ ಇಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಬಡಾವಣೆಯ ಖಾಲಿ ರಸ್ತೇಲಿ ಸುತ್ತು ಹಾಕ್ತಿದ್ವಿ. ಮಾವ ಓಡಿಸೋದು, ನಾನು ಬರೆಯೋದು. ಸಂಜೆ ಕಾಲೇಜ್ ಮುಗಿದ ಮೇಲೆ ಇನ್ನೊಂದು ರೌಂಡು. ಮೂರು ವಾರದಲ್ಲಿ 11 ಸಲ ನಿಂತಿತು. ಪಕ್ಕದ ಮನೆ ಅಜ್ಜಿ ದಿನಾ ವಾಕಿಂಗ್ ಹೋಗ್ತಾ "ಇವತ್ತೂ ನಿಂತ್ತಾ ಪುಟ್ಟಿ?" ಅಂತ ಕೇಳೋರು. ನಾವು ಖುಷಿಯಿಂದ "ಹೂಂ ಅಜ್ಜಿ" ಅಂತಿದ್ವಿ. ನಿಂತ್ರೆ ಖುಷಿ ಪಡೋ ಮೂರು ವಾರ ಅವು.

ಕಾಲಂಗಳನ್ನ ಮೇಲಿಂದ ಕೆಳಗೆ ಓದಿದ್ರೆ ಕಂಡಿದ್ದು ಇಷ್ಟು. ಭದ್ರಾವತಿ ರಸ್ತೇಲಿ ಒಂದೇ ಸಮ ಓಡಿಸಿದಾಗ ಒಂದು ಸಲನೂ ನಿಂತಿಲ್ಲ, ಎಂಜಿನ್ ಬಿಸಿ ಇದ್ರೂ. ನಿಂತಿದ್ದೆಲ್ಲ ಸ್ಲೋ ಸ್ಪೀಡಲ್ಲಿ, ಹೆಚ್ಚಾಗಿ ಲೈಟ್ ಹಾಕಿದ್ದಾಗ. 11ರಲ್ಲಿ 10 ಸಲ ಫ್ಯಾನ್ ಕಾಲಂನಲ್ಲಿ ಒಂದೇ ಪದ ಇತ್ತು: "ಈಗಷ್ಟೇ". ಉಳಿದ ಒಂದು ಸಲ ಜರ್ಕ್ ಹೊಡೆದು ನಿಂತಿತ್ತು. ಅವತ್ತು ಪೆಟ್ರೋಲ್ ಖಾಲಿ. ಮಾವನ ಉಳಿತಾಯ ಯೋಜನೆ.

ಇನ್ನೊಂದು ಸುಳಿವು ಬಿಸ್ಕತ್ ಡಬ್ಬೀಲಿ ಸಿಕ್ತು. ಕಾರು ಮೊದಲ ಸಲ ನಿಂತಿದ್ದು ದಸರಾ ರಜೆಯಲ್ಲಿ ಅಂತ ಮನೇಲಿ ಎಲ್ಲರಿಗೂ ನೆನಪಿತ್ತು. ಅದಕ್ಕಿಂತ ನಾಲ್ಕು ತಿಂಗಳ ಹಿಂದಿನ ಒಂದು ಬಿಲ್ಲು: ಮಳೆಗಾಲದ ಮುಂಚೆ ತುಕ್ಕು ತೆಗೆದು ಕೆಳಗಿನ ಚೌಕಟ್ಟಿಗೆಲ್ಲ ಪೇಂಟ್ ಮಾಡಿಸಿದ್ದು. ಅದಕ್ಕೂ ಮುಂಚಿನ ಆರು ವರ್ಷದಲ್ಲಿ ನಿಲ್ಲೋ ಕಾಯಿಲೆಗೆ ಅಂತ ಒಂದೂ ಬಿಲ್ಲಿಲ್ಲ.

ಕಾಯಿಲೆ ಶುರು ಆಗೋ ಮುಂಚೆ ಗಾಡಿ ಮೇಲೆ ಕೊನೆಗೆ ಯಾರು ಕೈ ಹಾಕಿದ್ರು? ನಿಮ್ಮ ಗಾಡಿ ವಿಷಯದಲ್ಲೂ ಇದನ್ನ ಮರೀದೆ ಕೇಳಿ.

7/9

ಈ ನೋಟ್‌ಬುಕ್ ತಗೊಂಡು ನಾವು ಹೋಗಿದ್ದು ಮೆಕ್ಯಾನಿಕ್ ಹತ್ರ ಅಲ್ಲ, ಲಾರಿ ಬಸ್ಸುಗಳ ವೈರಿಂಗ್ ಮಾಡೋ ಒಬ್ಬ ಎಲೆಕ್ಟ್ರಿಷಿಯನ್ ಅಣ್ಣನ ಹತ್ರ. ಅವರು ಕಾರಿನ ಬಾನೆಟ್ ಎತ್ತೋ ಮುಂಚೆ ಎರಡು ಪುಟ ಪೂರ್ತಿ ಓದಿದ್ರು. ಆಮೇಲೆ ಬಾಗಿಲ ಮೇಲೆ ಬೆರಳಿಂದ ಟಕ್ ಟಕ್ ಅಂತ ಬಡಿದು ಕೇಳಿದ್ರು, "ಇದು ಫೈಬರ್ ಅಲ್ವಾ ತಂಗಿ?"

ಹೌದು ಅಂದೆ.

"ಹಾಗಾದ್ರೆ ಇದರಲ್ಲಿ ಅರ್ಥ್ ಇಲ್ಲ."

ನನಗೆ ಅರ್ಥ ಇಲ್ಲ ಅಂತ ಕೇಳಿಸಿತು. ಅವರು ನಕ್ಕು ಬಿಡಿಸಿ ಹೇಳಿದ್ರು. ಅವರು ಹೇಳಿದ್ದನ್ನ ನಿಮಗೆ ಹೇಳ್ತೀನಿ.

ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ಲೈಟು, ಫ್ಯಾನು, ಪಂಪು ಎಲ್ಲದರ ಮೂಲಕ ಹೋಗಿ ಮೈನಸ್‌ಗೆ ವಾಪಸ್ ಬರಲೇಬೇಕು. ಕಬ್ಬಿಣದ ಬಾಡಿ ಇರೋ ಕಾರಲ್ಲಿ ವಾಪಸ್ ದಾರಿ ಅಂದ್ರೆ ಇಡೀ ಬಾಡಿ. ಎಲ್ಲಿ ಬೇಕಾದ್ರೂ ಒಂದು ಬೋಲ್ಟ್ ಹಾಕಿ ಅರ್ಥ್ ಕೊಡಬಹುದು. ಅಂಥ ಕಾರಲ್ಲಿ ವಾಪಸ್ ಬರೋಕೆ ನೂರು ದಾರಿ.

ಫೈಬರಲ್ಲಿ ಕರೆಂಟ್ ಹರಿಯಲ್ಲ. ಹಾಗಾಗಿ ಒಂದೊಂದಕ್ಕೂ ಬೇರೆ ಅರ್ಥ್ ವೈರ್ ಎಳೆದು ಕೆಳಗಿನ ಉಕ್ಕಿನ ಚೌಕಟ್ಟಿಗೋ ಎಂಜಿನ್ನಿಗೋ ಸೇರಿಸಬೇಕು. ಹಲವು ವೈರು ಒಂದೇ ಬೋಲ್ಟಿಗೆ ಬರುತ್ತೆ. ಆ ಬೋಲ್ಟ್ ಸಡಿಲ ಆದ್ರೆ, ತುಕ್ಕು ಹಿಡಿದ್ರೆ, ಬೇರೆ ದಾರಿನೇ ಇಲ್ಲ.

ಈಗ ನೋಟ್‌ಬುಕ್ ಪ್ರಕಾರ ಯೋಚನೆ ಮಾಡಿ. ಹೈವೇಲಿ ಗಾಳಿ ಹೊಡೆತಕ್ಕೆ ರೇಡಿಯೇಟರ್ ತಣ್ಣಗಿರುತ್ತೆ, ಫ್ಯಾನ್ ತಿರುಗೋ ಅಗತ್ಯ ಇಲ್ಲ, ಕಾರು ನಿಲ್ಲಲ್ಲ. ನಿಂತಲ್ಲೇ ಇಪ್ಪತ್ತು ನಿಮಿಷ ಓಡಿದ್ರೆ ಫ್ಯಾನ್ ಆನ್ ಆಗುತ್ತೆ. ಮೋಟಾರ್ ಶುರುವಾಗೋ ಮೊದಲ ಕ್ಷಣದಲ್ಲಿ ಅದು ತಿರುಗುವಾಗ ಎಳೆಯೋದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತೆ. ಆಗುಂಬೆಯ ರಾತ್ರೀಲಿ ಹೆಡ್‌ಲೈಟು, ವೈಪರು, ಫ್ಯಾನು ಮೂರೂ ಒಟ್ಟಿಗೆ. ಎಲ್ಲರೂ ಒಂದೇ ಕಿರಿದಾದ ಬಾಗಿಲಲ್ಲಿ ವಾಪಸ್ ಬರೋಕೆ ನುಗ್ಗಿದ್ರೆ? ಅದೇ ಬಾಗಿಲಲ್ಲಿ ಎಂಜಿನ್ ಕಂಪ್ಯೂಟರೂ ನಿಂತಿದ್ರೆ?

ಬಿಸಿಗೆ ನಿಲ್ಲುತ್ತೆ ಅಂತ ನಾಲ್ಕು ಜನ ಹೇಳಿದ್ರು. ಬಿಸಿ ಆದಾಗ ಶುರು ಆಗೋ ಫ್ಯಾನಿಗೆ ನಿಲ್ಲುತ್ತೆ ಅನ್ನೋದು ಅವರ ಅನುಮಾನ.

8/9

ಅನುಮಾನ ಅಂತ ಅವರೇ ಹೇಳಿದ್ರು. "ಅಳೆದು ನೋಡೋ ತನಕ ನಾನು ದುಡ್ಡು ತಗೊಳ್ಳಲ್ಲ" ಅಂತಾನೂ ಹೇಳಿದ್ರು.

ಈ ಭಾಗ ಸೇವ್ ಮಾಡಿಟ್ಕೊಳ್ಳಿ. ಇದಕ್ಕೆ ಬೇಕಾಗಿದ್ದು ಒಂದು ಸಾಧಾರಣ ಮಲ್ಟಿಮೀಟರ್.

ಹೆಚ್ಚಿನವರು ಅರ್ಥ್ ಚೆಕ್ ಮಾಡೋದು ಗಾಡಿ ಆಫ್ ಇದ್ದಾಗ, ಮೀಟರಿನ ಬೀಪ್ ಶಬ್ದ ಕೇಳಿ. ಬೀಪ್ ಬಂದ್ರೆ ಸರಿ ಇದೆ ಅಂತಾರೆ. ಆದ್ರೆ ಬೀಪ್ ಮಾಡೋಕೆ ಮೀಟರ್ ಕಳಿಸೋ ಕರೆಂಟ್ ತೀರಾ ಚಿಕ್ಕದು. ಹತ್ತು ಎಳೆಯ ವೈರಲ್ಲಿ ಒಂದೇ ಎಳೆ ಉಳಿದಿದ್ರೂ ಬೀಪ್ ಬರುತ್ತೆ. ಕಾಲುಸಂಕದ ಮೇಲೆ ಕೋಳಿ ದಾಟಿತು ಅಂತ ಲಾರಿ ಬಿಡೋಕಾಗುತ್ತಾ?

ಹಾಗಾಗಿ ಭಾರ ಹೊರಿಸಿಯೇ ಅಳೀಬೇಕು. ಎಂಜಿನ್ ಓಡ್ತಿರಬೇಕು, ಮೀಟರ್ ಡಿಸಿ ವೋಲ್ಟ್‌ನಲ್ಲಿ ಇರಬೇಕು. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಅರ್ಥ್ ವೈರುಗಳು ಸೇರೋ ಕಡೆ. ಎರಡೂ ಮೈನಸ್ಸೇ ಆದ್ದರಿಂದ ಮೀಟರ್ ಹೆಚ್ಚು ಕಮ್ಮಿ ಸೊನ್ನೆ ತೋರಿಸಬೇಕು. 0.1, ಹೆಚ್ಚಂದ್ರೆ 0.2.

ನಮ್ಮದು:

ಏನೂ ಹಾಕದೆ: 0.5
ಹೆಡ್‌ಲೈಟ್ ಹಾಕಿದಾಗ: 1.4
ವೈಪರ್ ಸೇರಿ: 1.7
ಫ್ಯಾನ್ ಆನ್ ಆದ ಕ್ಷಣ: 2.8 ಅಂತ ಕಂಡಿತು, ಅಷ್ಟರಲ್ಲಿ ಎಂಜಿನ್ ಟಪ್.

ಹತ್ತನೇ ಕ್ಲಾಸಿನ ಓಮ್ ನಿಯಮ ನೆನಪಿದ್ರೆ ಲೆಕ್ಕ ಹಾಕಿ. ಎರಡು 55 ವ್ಯಾಟ್ ಹೆಡ್‌ಲೈಟ್ ಅಂದ್ರೆ ಸುಮಾರು 9 ಆಂಪಿಯರ್. ಅದಕ್ಕೆ 0.9 ವೋಲ್ಟ್ ಏರಿದೆ. ಅಂದ್ರೆ ಆ ಜಾಗದ ಪ್ರತಿರೋಧ ಬರೀ 0.1 ಓಮ್. ಕೇಳೋಕೆ ಏನೂ ಅಲ್ಲ. ಆದ್ರೆ ಫ್ಯಾನ್ ಒಂದು ಕ್ಷಣಕ್ಕೆ 30-40 ಆಂಪಿಯರ್ ಎಳೆದ್ರೆ ಅಲ್ಲೇ ಮೂರು ನಾಲ್ಕು ವೋಲ್ಟ್ ನುಂಗಿ ಹೋಗುತ್ತೆ. ಮೀಟರ್ ತೋರಿಸೋಕೂ ಆಗದಷ್ಟು ಬೇಗ. ಆ ಕ್ಷಣಕ್ಕೆ ಕಂಪ್ಯೂಟರಿಗೆ ಕರೆಂಟ್ ಸಾಲಲ್ಲ, ಅದು ಕಣ್ಣು ಮುಚ್ಚುತ್ತೆ, ಎಂಜಿನ್ ನಿಲ್ಲುತ್ತೆ.

ಕಾರಿನ ಕೆಳಗೆ ಹೋಗಿ ನೋಡಿದ್ರೆ (ಫೋಟೋ ಸ್ವೈಪ್ ಮಾಡಿ) ಒಂದೇ ಬೋಲ್ಟು, ಐದು ವೈರು. ಪೇಂಟ್ ಮಾಡಿದವರು ಬೋಲ್ಟ್ ಬಿಚ್ಚಿ, ಚೌಕಟ್ಟಿಗೆ ದಪ್ಪಗೆ ಬಣ್ಣ ಹೊಡೆದು, ಬಣ್ಣದ ಮೇಲೇ ಬೋಲ್ಟ್ ಕೂರಿಸಿದ್ದಾರೆ. ಬೋಲ್ಟಿನ ಹಲ್ಲುಗಳಲ್ಲಿ ಮಾತ್ರ ಉಕ್ಕು ಉಕ್ಕಿಗೆ ತಾಗ್ತಿತ್ತು. ಮಲೆನಾಡಿನ ಒಂದು ಮಳೆಗಾಲ ಅಲ್ಲೂ ತುಕ್ಕು ಹಿಡಿಸಿತು. ಕಾರು ಮಾಡಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಪೇಂಟ್ ಮಾಡಿದವರು ಯಾರು ಅಂತ ನಾನು ಹೇಳಲ್ಲ. ಚೌಕಟ್ಟಿನ ಪೇಂಟ್ ಮಾತ್ರ ಚೆನ್ನಾಗೇ ಮಾಡಿದ್ದಾರೆ.

9/9

ಬೋಲ್ಟ್ ಸಿಕ್ಕ ತಕ್ಷಣ ಸರಿ ಮಾಡಿ ಮನೆಗೆ ಹೋಗೋಣ ಅಂತ ಮಾವ. ಎಲೆಕ್ಟ್ರಿಷಿಯನ್ ಅಣ್ಣ ಬಿಡಲಿಲ್ಲ. "ಸರ್, ಮೇಡಮ್‌ನ ಕರೀರಿ. ಪ್ರಶ್ನೆ ಅವರದ್ದಲ್ವಾ?"

ಅತ್ತೆ ಆಟೋದಲ್ಲಿ ಬಂದ್ರು. ಅವರ ಮುಂದೆ ಎಂಜಿನ್ ಸ್ಟಾರ್ಟ್ ಮಾಡಿ, ಲೈಟ್ ಹಾಕಿ ಕಾದ್ವಿ. ಫ್ಯಾನ್ ಆನ್ ಆಯ್ತು, ಎಂಜಿನ್ ಆಫ್ ಆಯ್ತು. ಆಮೇಲೆ ಅಣ್ಣ ಒಂದು ಜಂಪರ್ ಕೇಬಲ್ ತಂದು ಬ್ಯಾಟರಿ ಮೈನಸ್‌ನಿಂದ ಸೀದಾ ಆ ವೈರುಗಳಿಗೆ ಸೇರಿಸಿದ್ರು. ಲೈಟು, ವೈಪರು ಎಲ್ಲ ಆನ್. ಫ್ಯಾನ್ ಬಂತು. ಎಂಜಿನ್ ಸ್ವಲ್ಪ ತಗ್ಗಿ ಮತ್ತೆ ಸರಿ ಹೋಯ್ತು. ನಿಲ್ಲಲಿಲ್ಲ.

ಅತ್ತೆ ಅಂದ್ರು, "ಈಗ ಆ ವೈರ್ ತೆಗೀರಿ."

ತೆಗೆದ್ರು. ಮುಂದಿನ ಸಲ ಫ್ಯಾನ್ ಬಂದಾಗ ಟಪ್.

"ಮತ್ತೆ ಹಾಕಿ."

ಹೀಗೆ ಮೂರು ಸಲ. ಅಣ್ಣನ ಅಂಗಡಿ ಹುಡುಗರೆಲ್ಲ ಕೆಲಸ ಬಿಟ್ಟು ಸುತ್ತ ನಿಂತಿದ್ರು. ಮೂರನೇ ಸಲ ಆದ ಮೇಲೆ ಅತ್ತೆ ಬಗ್ಗಿ ಆ ಬೋಲ್ಟ್ ನೋಡಿ, "ಇಷ್ಟೇನಾ?" ಅಂದ್ರು. ಅವತ್ತು ಮಳೇಲಿ ಕಲ್ಲು ಹುಡುಕಿದ್ದು ನೆನಪಾಯ್ತೋ ಏನೋ, ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಣ್ಣ ಕೆರೆದು ಉಕ್ಕು ಹೊಳೆಯೋ ತನಕ ಸ್ಯಾಂಡ್‌ಪೇಪರ್ ತಿಕ್ಕಿದ್ವಿ. ದಪ್ಪ ತಾಮ್ರದ ಹೊಸ ಪಟ್ಟಿ ಒಂದನ್ನ ಬ್ಯಾಟರಿಯಿಂದ ನೇರ ಎಳೆದ್ವಿ. ಮೇಲೆ ತುಕ್ಕು ಬರದ ಹಾಗೆ ವ್ಯಾಸಲೀನ್. ಎಲ್ಲ ಆನ್ ಮಾಡಿ ಅಳೆದ್ರೆ 0.04.

ತಾಮ್ರದ ಪಟ್ಟಿ: 220
ಲಗ್ಗು: 40
ಸ್ಯಾಂಡ್‌ಪೇಪರ್, ವಾಷರ್: 60
ಕೂಲಿ: 500
ಒಟ್ಟು 820 ರೂಪಾಯಿ.

ಅವತ್ತಿಂದ ಇವತ್ತಿಗೆ ಮೂರು ತಿಂಗಳು. ನೋಟ್‌ಬುಕ್ಕಲ್ಲಿ ಹೊಸ ಸಾಲು ಒಂದೂ ಬಂದಿಲ್ಲ. ಆರ್‌ಸಿ ಐದು ವರ್ಷಕ್ಕೆ ರಿನ್ಯೂ ಆಗಿದೆ. ಹೋದ ಭಾನುವಾರ ಮಾವ ಅತ್ತೆ ಇಬ್ಬರೇ ಟಾಪ್ ತೆಗೆದು ತೀರ್ಥಹಳ್ಳಿ ತನಕ ಹೋಗಿ ಬಂದ್ರು. ನನಗೆ ಸೀಟಿಲ್ಲ, ಎರಡೇ ಸೀಟಿನ ಗಾಡಿ.

ನಿಮ್ಮ ಗಾಡಿ ನಿಲ್ತಾ ಇದ್ರೆ ಇಷ್ಟು ಮಾಡಿ:

1. ಹೇಗೆ ನಿಂತಿತು, ಆಗ ಏನೇನು ಆನ್ ಇತ್ತು ಅಂತ ಬರೀರಿ. ಕನಿಷ್ಠ ಐದು ಸಲದ್ದು.
2. ಮೊದಲ ಸಲ ನಿಲ್ಲೋಕೆ ಮುಂಚಿನ ಬಿಲ್ಲು ಹುಡುಕಿ.
3. ಅರ್ಥ್ ಅಳೀರಿ, ಎಂಜಿನ್ ಓಡುವಾಗ, ಎಲ್ಲ ಆನ್ ಇದ್ದಾಗ. ಕಬ್ಬಿಣದ ಬಾಡಿ ಆದ್ರೂ ಅಳೀರಿ. ಮುಚ್ಚಿದ ಶೆಡ್ಡಲ್ಲಿ ಮಾತ್ರ ಎಂಜಿನ್ ಓಡಿಸಬೇಡಿ, ಹೊಗೆ ಪ್ರಾಣಕ್ಕೇ ಅಪಾಯ.
4. ಕಾರಣ ಸಿಕ್ಕಿದೆ ಅಂತ ಯಾರಾದ್ರೂ ಹೇಳಿದ್ರೆ, ತಮ್ಮ ಕೈಯಾರೆ ಗಾಡಿನ ಮತ್ತೆ ನಿಲ್ಲಿಸಿ ತೋರಿಸೋಕೆ ಹೇಳಿ. ಮೂರು ಸಲ.

ನಾಲ್ಕನೇದು ಅತ್ತೆಯ ನಿಯಮ. ನಾನು ಬರೆದುಕೊಂಡಿದ್ದೇನೆ ಅಷ್ಟೆ.

#ಮಾವನಸ್ಟಾರ್ಮ್ #ಹಳೇಗಾಡಿ #ಶಿವಮೊಗ್ಗ #ಅತ್ತೆಯನಿಯಮ